ಗ್ಯಾರೇಜಿನಲ್ಲಿಟ್ಟ ಡಬ್ಬಿ

ನಾನೀಗ ಇರುವ ಕಟ್ಟಡದ ಕೆಳಗಿನ ಹಜಾರವನ್ನು ವಾರಕ್ಕೆರಡು ಸಲ ಬ್ಲೀಚ್ ಹಾಕಿ ಒರೆಸುತ್ತಾರೆ. ಹೋದ ವಾರ ಲಿಫ್ಟಿಗೆ ಕಾಯುತ್ತ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಶುಚಿಯಾದ ನೆಲದ ವಾಸನೆ ಇರಬಹುದು. ನನಗೆ ಅದು ಒಂದು ಸ್ಟೀಲ್ ಲೋಟದ ವಾಸನೆ. ಆ ಲೋಟವನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಬ್ಲೀಚಿನ ನೀರಿನಲ್ಲಿ ಅದ್ದಿ ತೊಳೆದಿದ್ದೇನೆ. ಅದರ ಹೊಳಪೆಲ್ಲ ಹೋಗಿ ತಳದಲ್ಲಿ ಕಪ್ಪು ಚುಕ್ಕೆಗಳು ಬಿದ್ದಿದ್ದವು. ಅದರಲ್ಲಿ ಚಹಾ ಕುಡಿಯುತ್ತಿದ್ದವರು ನನಗೆ ಕಾರು ಓಡಿಸಲು ಕಲಿಸಿದ ಮಾಸ್ತರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಊರು ಬಿಟ್ಟು ಈ ಚಳಿಯ ದೇಶಕ್ಕೆ ಬಂದು ಸ್ಕಾರ್‌ಬರೋದಲ್ಲಿ ನೆಲೆಸಿದ್ದ ನಮ್ಮ ಕಡೆಯ ಹೆಂಗಸರಲ್ಲಿ ಅರ್ಧದಷ್ಟು ಜನ ಡ್ರೈವಿಂಗ್ ಕಲಿತದ್ದು ಅವರ ಹತ್ತಿರವೇ. ಬೆಳಗಾವಿ ಕಡೆಯವರು, ನಮ್ಮನೆಯವರ ಸ್ನೇಹಿತರು, ಮದುವೆ ಆಗಿರಲಿಲ್ಲ. ನನ್ನನ್ನು ಅತ್ತಿಗೆಯೆಂಬಂತೆ 'ವೈನಿ' ಎನ್ನುತ್ತಿದ್ದರು. ನಾನು ಧಾರವಾಡದಲ್ಲಿ ಸೈಕಲ್ ಕೂಡ ಹೊಡೆದವಳಲ್ಲ. ಮೊದಲ ದಿನ ಸ್ಟೇರಿಂಗ್ ಹಿಡಿದ ನನ್ನ ಕೈ ನೋಡಿ, "ವೈನಿ, ಅದು ರೊಟ್ಟಿ ಹಿಟ್ಟಲ್ರಿ, ಹಂಗ ನಾದಬ್ಯಾಡ್ರಿ" ಎಂದರು. ಹೆದ್ದಾರಿಗೆ ಮೊದಲ ಸಲ ಇಳಿಸಿದಾಗ ನನ್ನ ಕಾಲು ಬ್ರೇಕಿನತ್ತಲೇ ಹೋಗುತ್ತಿತ್ತು. "ಬ್ರೇಕ್ ಒತ್ತಬ್ಯಾಡ್ರಿ... ಒತ್ತಬ್ಯಾಡ್ರಿ... ಒತ್ತಿದ್ರಿ. ಹಿಂದಿನಾಂವ ಈಗ ನಮ್ಮ ಅಜ್ಜಗೂ ಸೇರಿಸಿ ಬೈಯಾಕತ್ತಾನ ನೋಡ್ರಿ." ಅವರು ಎಂದೂ ದನಿ ಏರಿಸಲಿಲ್ಲ. ರೋಡ್ ಟೆಸ್ಟಿನಲ್ಲಿ ನಾನು ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದಾಗ ನನಗಿಂತ ಹೆಚ್ಚು ಕುಣಿದಾಡಿದವರು ಅವರು.

ಅದರ ಮರುವರ್ಷ ಕೆಂಪು ದೀಪಕ್ಕೆ ನಿಲ್ಲಿಸಿದ್ದ ಅವರ ಕಾರಿಗೆ ಹಿಂದಿನಿಂದ ಒಂದು ಟ್ರಕ್ಕು ಬಂದು ಗುದ್ದಿತು. ಪಕ್ಕದಲ್ಲಿ ಕಲಿಯುತ್ತಿದ್ದ ಹುಡುಗಿಗೆ ಏನೂ ಆಗಲಿಲ್ಲ. ಮಾಸ್ತರ ಬೆನ್ನು ಹೋಯಿತು. ಆಮೇಲೆ ಅವರು ಟವೆಲ್ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು ಕಲಿಸತೊಡಗಿದರು. ನೋವಿನ ಗುಳಿಗೆ ನುಂಗುತ್ತಿದ್ದರು. ಒಂದು ದಿನ ಡಾಕ್ಟರು ಇನ್ನು ಸಾಕೆಂದು ಗುಳಿಗೆ ನಿಲ್ಲಿಸಿದರಂತೆ. ನೋವು ಮಾತ್ರ ನಿಲ್ಲಲಿಲ್ಲ. ಮುಂದೆ ಏನಾಯಿತೆಂದು ನಮಗೆ ಆಗ ಗೊತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದು ಇಷ್ಟೇ... ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಜೂನಿನ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಒಬ್ಬಾಕೆಯ ರೋಡ್ ಟೆಸ್ಟಿನ ದಿನ ಅವರು ಬರಲೇ ಇಲ್ಲ. ಕೇಳಿದರೆ ಬಾಯಿಗೆ ಬಂದ ಸುಳ್ಳು ಹೇಳಿದರು. ಬಾಡಿಗೆ ಅಪಾರ್ಟ್‌ಮೆಂಟ್ ಬಿಡಬೇಕಾಗಿ ಬಂದಾಗ ನಮ್ಮನೆಯವರೇ ಅವರನ್ನು ಕರೆತಂದು ನಮ್ಮ ಬೇಸ್‌ಮೆಂಟಿನಲ್ಲಿ ಇರಿಸಿದರು. ಒಂದು ಕೋಣೆ, ಒಂದು ಬಚ್ಚಲು, ಹೊರಗಿನ ಹುಲ್ಲಿನ ಮಟ್ಟಕ್ಕೆ ಒಂದು ಸಣ್ಣ ಕಿಟಕಿ.

ಮೊದಮೊದಲು ಅವರು ದಿನವೂ ಮೇಲೆ ಬರುತ್ತಿದ್ದರು. ಭಾನುವಾರ ಯಾರಾದರೂ ಊಟಕ್ಕೆ ಬರುವವರಿದ್ದರೆ, ಊರಿನಿಂದ ತಂದಿದ್ದ ಈಳಿಗೆಯ ಮುಂದೆ ಅಡುಗೆಮನೆಯ ನೆಲದ ಮೇಲೆ ಕುಳಿತು ತರಕಾರಿ ಹೆಚ್ಚಿಕೊಡುತ್ತಿದ್ದರು. ಕುರ್ಚಿಗಿಂತ ನೆಲವೇ ಬೆನ್ನಿಗೆ ಹಿತ ಎನ್ನುತ್ತಿದ್ದರು. ಅಂಥದೊಂದು ಭಾನುವಾರ ಸೌತೆಕಾಯಿ ಹೆಚ್ಚುವಾಗ ಕೈ ಜಾರಿ ಹೆಬ್ಬೆರಳು ಕುಯ್ದುಕೊಂಡರು. ರಕ್ತ ನೆಲಕ್ಕೆ ತೊಟ್ಟಿಕ್ಕಿತು. ನಾನು ಓಡಿಹೋಗಿ ಸೆರಗಿನಿಂದ ಬೆರಳು ಒತ್ತಲು ಬಗ್ಗಿದೆ. ಅವರು ಇನ್ನೊಂದು ಕೈಯಿಂದ ನನ್ನನ್ನು ಜೋರಾಗಿ ಹಿಂದಕ್ಕೆ ನೂಕಿದರು.

"ಮುಟ್ಟಬ್ಯಾಡ್ರಿ ವೈನಿ! ದೂರ ಸರೀರಿ!"

ಎಂದೂ ದನಿ ಏರಿಸದವರು ಹಾಗೆ ಕೂಗಿದ್ದು ಕೇಳಿ ನಾನು ಗೋಡೆಗೆ ಆತು ನಿಂತೆ. ಅವರೇ ಬೆರಳಿಗೆ ಬಟ್ಟೆ ಸುತ್ತಿಕೊಂಡರು, ಅವರೇ ನೆಲ ಒರೆಸಿದರು, ಒರೆಸಿದ್ದನ್ನು ಚೀಲಕ್ಕೆ ಕಟ್ಟಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಎಲ್ಲ ಹೇಳಿದರು. ಗುಳಿಗೆ ಸಿಗದೆ ಹೋದಾಗ ಡೌನ್‌ಟೌನಿನಲ್ಲಿ ಒಬ್ಬನ ಕೋಣೆಗೆ ಹೋದದ್ದು, ಅಲ್ಲಿ ಸೂಜಿ ಚುಚ್ಚಿಕೊಳ್ಳಲು ಕಲಿತದ್ದು, ಆ ಸೂಜಿ ಅವರೊಬ್ಬರದೇ ಆಗಿರದಿದ್ದದ್ದು. ಎಚ್‌ಐವಿ ಇದೆಯೆಂದು ಗೊತ್ತಾಗಿ ಎಂಟು ತಿಂಗಳಾಗಿತ್ತು.

"ಮುಚ್ಚಿಡಬಹುದಿತ್ತು. ಆದ್ರ ನಿಮ್ಮ ಮನ್ಯಾಗ ಅದೇನಿ" ಎಂದರು.

ಮುಚ್ಚಿಟ್ಟಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ನನ್ನನ್ನು ಕಾಯಲು ಅವರು ಬಾಯಿ ಬಿಟ್ಟರು. ಅದಕ್ಕೆ ನಾವು ಕೊಟ್ಟದ್ದು ಒಂದು ಬೇರೆ ತಟ್ಟೆ, ಒಂದು ಬೇರೆ ಲೋಟ. ಬೇಸ್‌ಮೆಂಟಿನಿಂದ ಅಡುಗೆಮನೆಗೆ ಬರುವ ಮೆಟ್ಟಿಲಿನ ಬಾಗಿಲಿಗೆ ನಮ್ಮನೆಯವರು ನಮ್ಮ ಕಡೆಯಿಂದ ಒಂದು ಚಿಲಕ ಜಡಿದರು. ಅವರು ಪಕ್ಕದ ಹೊರಬಾಗಿಲಿನಿಂದಲೇ ಓಡಾಡಬೇಕು, ನಮ್ಮ ವಾಷಿಂಗ್ ಮಷಿನ್ನು ಮುಟ್ಟಬಾರದು, ಬಟ್ಟೆಯ ಗಂಟು ಹೊತ್ತು ಬಸ್ಸಿನಲ್ಲಿ ಲಾಂಡ್ರಿಗೆ ಹೋಗಬೇಕು. ಈ ನಿಯಮಗಳನ್ನು ಮಾಡಿದವಳು ನಾನು. ಮುಟ್ಟಿದರೆ, ಜೊತೆಗೆ ಉಂಡರೆ ಅದು ಬರುವುದಿಲ್ಲವೆಂದು ಕ್ಲಿನಿಕ್ಕಿನವರು ಕೊಟ್ಟ ಕಾಗದವನ್ನು ಅವರು ನನಗೆ ತೋರಿಸಿದ್ದರು. ನಾನು ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಆದರೂ...

ನಾನು ಒಬ್ಬಾಕೆಗೆ ಮಾತ್ರ ಫೋನಿನಲ್ಲಿ ಹೇಳಿದೆ. "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಎಂದೂ ಹೇಳಿದೆ. ತಿಂಗಳೊಳಗೆ ಅವರ ಹತ್ತಿರ ಕಲಿಯುವವರು ಒಬ್ಬರೂ ಉಳಿಯಲಿಲ್ಲ.

ಪ್ರತಿ ಬೇಸಿಗೆಯಲ್ಲೂ ನಾವೆಲ್ಲ ಪೋರ್ಟ್ ಕ್ರೆಡಿಟ್‌ನಲ್ಲಿ ಸರೋವರದ ದಂಡೆಗೆ ಪಿಕ್‌ನಿಕ್ಕಿಗೆ ಹೋಗುತ್ತಿದ್ದೆವು. ಅಲ್ಲಿ ಗಿರಮಿಟ್ ಮಾಡುವುದು ಮಾಸ್ತರ ಕೆಲಸ. ದೊಡ್ಡ ಬುಟ್ಟಿಯಲ್ಲಿ ಚುರುಮುರಿ, ಉಳ್ಳಾಗಡ್ಡಿ, ಹುಣಸೆಹಣ್ಣಿನ ಗೊಜ್ಜು, ಪುಠಾಣಿ ಹಿಟ್ಟು ಸುರಿದು ಮೊಣಕೈವರೆಗೆ ಕೈಹಾಕಿ ಕಲಸುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಅದಕ್ಕಾಗಿ ಸಾಲು ಹಚ್ಚಿ ನಿಲ್ಲುತ್ತಿದ್ದರು. ಆ ವರ್ಷ ಅವರು ಬರಲಾರರೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅವರು ಎರಡು ಬಸ್ಸು, ಒಂದು ರೈಲು ಬದಲಿಸಿ ಬುಟ್ಟಿ ಹೊತ್ತುಕೊಂಡು ಬಂದರು. ಕಲಸಿದರು. "ಬರ್ರಿ, ಮೆತ್ತಗಾಗ್ತೈತಿ" ಎಂದು ಕರೆದರು. ಯಾರೂ ಏಳಲಿಲ್ಲ. ಅವರ ಹತ್ತಿರವೇ ಲೈಸೆನ್ಸ್ ಪಡೆದಿದ್ದ ಒಬ್ಬಾಕೆ, ತಟ್ಟೆಯ ತುಂಬ ಮಿರ್ಚಿ ಭಜಿ ಇಟ್ಟುಕೊಂಡು, "ಈ ಸರ್ತಿ ಡಯಟ್ ಮಾಡಾಕತ್ತೇನ್ರಿ ಮಾಸ್ತರ" ಎಂದಳು. ಇನ್ನೊಬ್ಬರು ಹಿಂದಿನಿಂದ, "ಮಾಸ್ತರ ಕೈರುಚಿ ಈಗ ಭಾಳ ಸ್ಟ್ರಾಂಗ್ ಆಗೇತಿ" ಎಂದರು. ನಕ್ಕರು. ನಾನೂ ಸಣ್ಣಗೆ ನಕ್ಕೆ. ಹೌದು, ನಕ್ಕೆ. ಅವರು ಬುಟ್ಟಿಯನ್ನು ನೀರಿನ ಅಂಚಿಗೆ ಒಯ್ದು ಹಕ್ಕಿಗಳಿಗೆ ಸುರಿದರು. "ಇವಕ್ಕ ಖಾರ ಹತ್ತೂದಿಲ್ಲ ನೋಡ್ರಿ ವೈನಿ, ಎಂಥಾ ಮಂದಿ ಇವು" ಎಂದು ಅಲ್ಲಿಂದಲೇ ಕೂಗಿ ಹೇಳಿದರು.

ಆಮೇಲೆ ಹೊಸ ಔಷಧಿಗಳು ಬಂದವು. ಸಾಯುವವರು ಎದ್ದು ಓಡಾಡುತ್ತಿದ್ದಾರೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಆದರೆ ಸೂಜಿ ಚುಚ್ಚಿಕೊಳ್ಳುವವರಿಗೆ ಅವನ್ನು ಕೊಡಲು ಮಾಸ್ತರ ಡಾಕ್ಟರು ಹಿಂದೆಮುಂದೆ ನೋಡಿದರು. ಅಂಥವರು ಹೊತ್ತಿಗೆ ಸರಿಯಾಗಿ ನುಂಗುವುದಿಲ್ಲ, ಅರ್ಧಕ್ಕೆ ಬಿಟ್ಟರೆ ಔಷಧಿ ಮತ್ತೆ ನಾಟುವುದಿಲ್ಲ ಎಂಬುದು ಅವರ ವಾದ. ಮೊದಲು ಸೂಜಿ ಬಿಟ್ಟು ತೋರಿಸು ಎಂದರು. ಮಾಸ್ತರು ಬಿಡಲು ಹೊರಟರು. ಸೂಜಿಯ ಚಟ ಬಿಡಿಸಲು ಮೆಥಡೋನ್ ಎಂಬ ಔಷಧಿಯನ್ನು ಕಿತ್ತಳೆ ಬಣ್ಣದ ಶರಬತ್ತಿನಲ್ಲಿ ಬೆರೆಸಿ ಕೊಡುತ್ತಿದ್ದರು. ಅದನ್ನು ದಿನವೂ ಫಾರ್ಮಸಿಗೆ ಹೋಗಿ ಅಲ್ಲಿಯವರ ಕಣ್ಣೆದುರೇ ಕುಡಿಯಬೇಕು, ನುಂಗಿದ್ದು ಖಾತ್ರಿಯಾಗಲು ಏನಾದರೂ ಮಾತಾಡಿ ತೋರಿಸಬೇಕು. "ನಾ ಅಲ್ಲಿ ದಿನಾ ಕನ್ನಡದಾಗ ಬೈದು ಬರ್ತೇನಿ, ಅವ್ರು ಥ್ಯಾಂಕ್ಯೂ ಅಂತಾರ" ಎಂದು ಮಾಸ್ತರು ನಗುತ್ತಿದ್ದರು. ನಡುವೆ ಎರಡು ಸಲ ಜಾರಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಹಿಮದಲ್ಲಿ, ಆ ಬೆನ್ನು ಹೊತ್ತು, ದಿನವೂ... ಹತ್ತು ತಿಂಗಳು ಹಿಡಿಯಿತು. ಕೊನೆಗೆ ಡಾಕ್ಟರು ಒಪ್ಪಿದರು.

ಆ ಕ್ಯಾಪ್ಸೂಲುಗಳನ್ನು ಫ್ರಿಜ್ಜಿನಲ್ಲಿಡಬೇಕಿತ್ತು. ಬೇಸ್‌ಮೆಂಟಿನಲ್ಲಿ ಫ್ರಿಜ್ ಇರಲಿಲ್ಲ. ಹೊರಬಾಗಿಲಿಗೆ ಬಂದು ನಿಂತು ಮಾಸ್ತರು ಕೇಳಿದರು: "ಒಂದು ಮೂಲ್ಯಾಗ ಜಾಗಾ ಕೊಡ್ರಿ ವೈನಿ. ಒಂದು ಬಾಟ್ಲಿ ಅಷ್ಟ." ನಾನು ಬಾಟಲಿಯನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರಿಜ್ಜಿನ ತಳದಲ್ಲಿಟ್ಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗುಳಿಗೆ ತೆಗೆದು, ಬಾಗಿಲು ತೆರೆದು, ಮೇಲಿನ ಮೆಟ್ಟಿಲ ಮೇಲೆ ಕಾಗದದ ಬಟ್ಟಲಲ್ಲಿಟ್ಟು, ಎರಡು ಸಲ ಬಡಿದು, ಚಿಲಕ ಹಾಕಿಕೊಳ್ಳುತ್ತಿದ್ದೆ. ಅವರು ಬಂದು ಎತ್ತಿಕೊಳ್ಳುವ ಸದ್ದು ಬಾಗಿಲಾಚೆ ಕೇಳುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಎರಡು ತಿಂಗಳಿಗೆ ಕೆನ್ನೆ ತುಸು ತುಂಬಿಕೊಂಡವು. ಹೊರಗೆ ಹುಲ್ಲು ಕತ್ತರಿಸುವುದನ್ನೂ ನೋಡಿದೆ.

ಗಣಪತಿ ಹಬ್ಬ ಬಂತು. ನಮ್ಮ ಮನೆಯಲ್ಲಿ ಐದು ದಿನ ಗಣಪತಿ ಇಡುತ್ತಿದ್ದೆವು. ದಿನವೂ ಜನ ಬರುತ್ತಿದ್ದರು. ಬಂದ ಹೆಂಗಸರು ತಾವು ತಂದದ್ದನ್ನು ಇಡಲು ನೇರವಾಗಿ ಫ್ರಿಜ್ಜೇ ತೆರೆಯುವವರು. ಅಲ್ಲಿ ಕಡಬು, ಪಂಚಾಮೃತಕ್ಕೆ ಹಾಲು ಮೊಸರು, ಅವುಗಳ ಕೆಳಗೆ ಆ ಡಬ್ಬಿ. ಯಾರಾದರೂ ಬಿಚ್ಚಿ ನೋಡಿದರೆ? ನೈವೇದ್ಯದ ಜೊತೆ ಇದನ್ನು ಇಟ್ಟಿದ್ದಾಳೆಂದರೆ? ಹಬ್ಬದ ಹಿಂದಿನ ದಿನ ನಾನು ಡಬ್ಬಿಯನ್ನು ತೆಗೆದು ಗ್ಯಾರೇಜಿನ ಕಪಾಟಿನಲ್ಲಿಟ್ಟೆ. ಎರಡು ಹೊತ್ತೂ ಗುಳಿಗೆಯನ್ನು ಅಲ್ಲಿಂದಲೇ ತಂದು ಮೆಟ್ಟಿಲ ಮೇಲಿಡುತ್ತಿದ್ದೆ. ಕತ್ತಲ ಜಾಗ, ತಣ್ಣಗಿರುತ್ತದೆ ಎಂದುಕೊಂಡೆ. ನಮ್ಮೂರಲ್ಲಿ ಕೆಡಬಾರದ್ದನ್ನೆಲ್ಲ ಕತ್ತಲ ಕೋಣೆಯಲ್ಲೇ ಇಡುತ್ತಿದ್ದೆವು. ಆ ಗ್ಯಾರೇಜಿನ ತಗಡಿನ ಬಾಗಿಲಿಗೆ ಮಧ್ಯಾಹ್ನವಿಡೀ ಬಿಸಿಲು ಹೊಡೆಯುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಸೆಕೆ ಇನ್ನೂ ಇಳಿದಿರಲಿಲ್ಲ.

ಮೂರನೆಯ ದಿನ ಮಾಸ್ತರು ಬಾಗಿಲು ಬಡಿದು ಆಚೆಯಿಂದಲೇ ಕೇಳಿದರು: "ವೈನಿ, ಗುಳಿಗಿ ಮೆತ್ತಗ ಅದಾವ. ಡಬ್ಬಿ ಫ್ರಿಜ್ಜಿನಾಗ ಐತಲ್ರಿ?"

ಒಳಗೆ ಆರತಿಗೆ ಜನ ಕೂಡಿದ್ದರು. "ಹೂಂ ಐತ್ರಿ" ಎಂದೆ.

ಐದನೆಯ ದಿನ ಗಣಪತಿಯನ್ನು ಕಳಿಸಿದ ಮೇಲೆ ಸಂಜೆಯ ಗುಳಿಗೆಗೆಂದು ಡಬ್ಬಿ ತೆರೆದೆ. ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ ಬಾಟಲಿಯ ತಳದಲ್ಲಿ ಒಂದೇ ಮುದ್ದೆಯಾಗಿದ್ದವು. ಅದನ್ನು ಹಾಗೆಯೇ ಮೆಟ್ಟಿಲ ಮೇಲಿಟ್ಟು, ಎರಡು ಸಲ ಬಡಿದು, ಚಿಲಕ ಹಾಕಿದೆ. ಅವರು ಎತ್ತಿಕೊಂಡ ಸದ್ದು ಕೇಳಿಸಿತು. ಆಮೇಲೆ ತುಂಬ ಹೊತ್ತು ಕೆಳಗಿಳಿದ ಸದ್ದು ಕೇಳಿಸಲಿಲ್ಲ. ಬಾಗಿಲ ಈಚೆ ನಾನು, ಆಚೆ ಅವರು.

ಅವರು ಬಾಟಲಿಯನ್ನು ಕ್ಲಿನಿಕ್ಕಿಗೆ ಒಯ್ದರು. ಕೆಲವು ದಿನ ಬಿಟ್ಟು ಅಲ್ಲಿಂದ ಒಬ್ಬ ನರ್ಸ್ ಮನೆ ನೋಡಲು ಬಂದಳು. ವಯಸ್ಸಾದ ಬಿಳಿಯ ಹೆಂಗಸು, ಮೆಲ್ಲಗೆ ಮಾತಾಡುವವಳು. ನಾನು ಹೊರಬಾಗಿಲಿನಿಂದ ಬೇಸ್‌ಮೆಂಟಿಗೆ ಚಹಾ ಒಯ್ದೆ. ಅವಳಿಗೆ ಪಿಂಗಾಣಿ ಕಪ್ಪು, ಮಾಸ್ತರಿಗೆ ಆ ಲೋಟ. ನರ್ಸ್ ಎರಡನ್ನೂ ನೋಡಿದಳು. ತೊಡೆಯ ಮೇಲಿದ್ದ ಕಾಗದಗಳನ್ನು ತಿರುವಿ ಪ್ರಶ್ನೆ ಕೇಳುತ್ತ ಹೋದಳು. ಕಳೆದ ನಾಲ್ಕು ವಾರದಲ್ಲಿ ನಿದ್ದೆ ಸರಿಯಾಗಿ ಬಂದಿದೆಯೇ? ನೋವಿನಿಂದ ಎಷ್ಟು ದಿನ ಹಾಸಿಗೆಯಲ್ಲೇ ಇದ್ದಿರಿ? ಜೊತೆಗೆ ಕುಳಿತು ಊಟ ಮಾಡುವವರು ಇದ್ದಾರೆಯೇ? ಕಷ್ಟ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ? ಮಾಸ್ತರು ಎಲ್ಲಕ್ಕೂ ಹೌದು, ಇದ್ದಾರೆ, ಚೆನ್ನಾಗಿದೆ ಎಂದರು. ಒಟ್ಟು ಬದುಕಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದಾಗ ಸ್ವಲ್ಪ ಯೋಚಿಸಿ ಏಳು ಎಂದರು. ಅವಳು ಏಳು ಎಂದು ಬರೆದುಕೊಂಡಳು.

ಆಮೇಲೆ ಪೆನ್ನು ಕೆಳಗಿಟ್ಟು, ಔಷಧಿ ಹೇಗೆ ಕೆಟ್ಟಿತು ಎಂದು ಕೇಳಿದಳು. ನಿಮ್ಮ ಮೇಲೆ ತಪ್ಪು ಹೊರಿಸಲು ಬಂದಿಲ್ಲ, ಆದರೆ ನೀವು ನಿಭಾಯಿಸಬಲ್ಲಿರೆಂದು ಡಾಕ್ಟರಿಗೆ ನಂಬಿಕೆ ಬಂದರಷ್ಟೇ ಮತ್ತೆ ಕೊಡುತ್ತಾರೆ ಎಂದಳು.

ಮಾಸ್ತರು ನನ್ನ ಕಡೆ ನೋಡಿದರು. ನಾನು ಟ್ರೇ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು, ನಾನು ಹೊರಗಿಟ್ಟೆ ಎಂದರೆ ಮುಗಿಯುತ್ತಿತ್ತು. ಯಾಕೆ ಹೊರಗಿಟ್ಟಿರಿ ಎಂದು ಆಕೆ ಕೇಳುತ್ತಾಳೆ, ಆ ಚಿಲಕ, ಆ ಮೆಟ್ಟಿಲು, ಆ ಲೋಟ ಎಲ್ಲವೂ ಅವಳ ಕಾಗದಕ್ಕೆ ಹೋಗುತ್ತವೆ ಎಂದು ಹೆದರಿದೆ. ನನ್ನ ಮರ್ಯಾದೆಯ ಮುಂದೆ ಅವರ ಜೀವ ನನಗೆ ಕಾಣಿಸಲಿಲ್ಲ.

"ನಾನೇ ಹೊರಗೆ ಮರೆತೆ" ಎಂದು ಮಾಸ್ತರು ಇಂಗ್ಲಿಷಿನಲ್ಲಿ ಹೇಳಿದರು.

ನರ್ಸ್ ನನ್ನತ್ತ ತಿರುಗಿ, ಹೌದೇ ಎಂಬಂತೆ ಹುಬ್ಬೆತ್ತಿದಳು. ನಾನು ಹೌದೆಂದು ತಲೆಯಾಡಿಸಿದೆ.

ಅವಳು ಹೋದ ಮೇಲೆ ನಾನು ಕೇಳಿದೆ, "ಯಾಕ ಹಂಗ ಹೇಳಿದ್ರಿ?"

"ನೀವು ಹೇಳ್ತೀರೇನೋ ಅಂತ ಕಾದ್ನಿ ವೈನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ನೀವು ಹೇಳಲಿಲ್ಲ. ನಾ ಹೇಳಿದ್ರ ರೂಮ್ ಬಿಡಸ್ತಿದ್ರಿ. ಈ ಬೆನ್ನ ತಗೊಂಡು, ಈ ರೋಗ ತಗೊಂಡು ನನಗ ಯಾರ ರೂಮ್ ಕೊಡ್ತಾರ?"

ವಾರದ ಮೇಲೆ ಕಾಗದ ಬಂತು. ರೋಗಿ ಔಷಧಿಯನ್ನು ಜವಾಬ್ದಾರಿಯಿಂದ ನಿಭಾಯಿಸುವ ಸ್ಥಿತಿಯಲ್ಲಿಲ್ಲ, ಆರು ತಿಂಗಳ ನಂತರ ಮತ್ತೆ ಪರಿಶೀಲಿಸಲಾಗುವುದು ಎಂದಿತ್ತು. ಅದಾಗಿ ತಿಂಗಳೊಳಗೆ ಅವರು ಫಾರ್ಮಸಿಗೆ ಹೋಗುವುದನ್ನು ಬಿಟ್ಟರು. ಬಳಸಿದ ಸೂಜಿ ಹಾಕಲೆಂದು ಕ್ಲಿನಿಕ್ಕಿನವರು ಕೊಟ್ಟಿದ್ದ, ಹಾಸಿಗೆಯ ಪಕ್ಕದ ಹಳದಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮತ್ತೆ ಸೂಜಿಗಳು ಬೀಳತೊಡಗಿದವು. ಕೆಲವು ದಿನ ಅವರ ಚಹಾ ಮುಟ್ಟದೆ ಹಾಗೆಯೇ ಆರಿರುತ್ತಿತ್ತು.

ಮಾರ್ಚಿನಲ್ಲಿ ನಮ್ಮನೆಯವರು, ಊರಿನಿಂದ ತಮ್ಮ ಬರುತ್ತಿದ್ದಾನೆ, ಜಾಗ ಬೇಕು ಎಂದರು. ಬರುವ ತಮ್ಮ ಯಾರೂ ಇರಲಿಲ್ಲ. ಮಾಸ್ತರಿಗೆ ಅದು ಗೊತ್ತಿತ್ತು. "ಆತು, ತಮ್ಮಗ ಕಿಡಕಿ ಬಿಗಿ ಹಾಕ್ಕೋ ಅಂತ ಹೇಳ್ರಿ, ಗಾಳಿ ಬರ್ತೈತಿ" ಎಂದರು. ಎರಡು ಚೀಲ ಹಿಡಿದು, ಕರಗುತ್ತಿದ್ದ ಹಿಮದಲ್ಲಿ ಬಸ್ ಸ್ಟಾಪಿಗೆ ನಡೆದರು. ನಮ್ಮ ಕಾರು ಅಂಗಳದಲ್ಲೇ ನಿಂತಿತ್ತು. ಆ ವರ್ಷದ ಹಬ್ಬದ ಹೊತ್ತಿಗೆ ನಾವು ಬೇಸ್‌ಮೆಂಟಿಗೊಂದು ಹಳೆಯ ಫ್ರಿಜ್ ತಂದಿಟ್ಟೆವು, ಹೆಚ್ಚಾದ ಅಡುಗೆ ಇಡಲು.

ಅದರ ಮುಂದಿನ ಚಳಿಗಾಲ ಅವರು ಆಸ್ಪತ್ರೆಯಲ್ಲಿದ್ದಾರೆಂದು ತಿಳಿಯಿತು. ನಮ್ಮನೆಯವರಿಗೆ ಹೇಳದೆ ನಾನೊಬ್ಬಳೇ ಕಾರು ತೆಗೆದುಕೊಂಡು ಹೋದೆ, ಹೇಳಬೇಕಾದ್ದನ್ನು ಇವತ್ತು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ. ಹಾಸಿಗೆಯಲ್ಲಿ ಅವರು ಒಂದು ಮಡಚಿದ ಹೊದಿಕೆಯಷ್ಟೇ ಇದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಪಾರ್ಕಿಂಗ್ ಎಲ್ಲಿ ಮಾಡಿದ್ರಿ?"

"ರಸ್ತೆದಾಗ. ಎರಡು ಕಾರಿನ ನಡುವ."

"ಎಷ್ಟ ಸಲ ಹಿಂದ ಮುಂದ ಮಾಡಿದ್ರಿ?"

"ನಾಕ ಸಲ."

"ಫೇಲ್" ಎಂದರು. ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ. ಕೈ ಹಿಡಿದುಕೊಳ್ಳಿ, ಏನೂ ಆಗುವುದಿಲ್ಲ ಎಂದು ಅಲ್ಲಿದ್ದ ನರ್ಸ್ ನನಗೆ ಹೇಳಿದಳು. ನಾನು ಹಿಡಿಯಲಿಲ್ಲ. ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಹೇಳಬೇಕೆಂದಿದ್ದ ಮಾತೂ ಬರಲಿಲ್ಲ. ಆರು ದಿನದ ಮೇಲೆ ಅವರು ಹೋದರು. ಮಣ್ಣಿಗೆ ನಾವಾರೂ ಹೋಗಲಿಲ್ಲ. ಯಾರು ಮಾಡಿದರು, ಎಲ್ಲಿ ಮಾಡಿದರು ಎಂದು ಕೇಳಲೂ ಇಲ್ಲ.

ಸ್ವಲ್ಪ ದಿನದಲ್ಲೇ ಥಾರ್ನ್‌ಹಿಲ್‌ನಲ್ಲಿ ಒಂದು ಮಗುವಿನ ಹೆಸರಿಡುವ ಸಮಾರಂಭವಿತ್ತು. ಊಟದ ಹೊತ್ತಿಗೆ ಅವರ ಮಾತು ಬಂತು. "ಗೌರ್ಮೆಂಟ್ ಔಷಧ ಕೊಟ್ಟಿತ್ತಂತ, ಇಂವಾನ ಸರಿಯಾಗಿ ತಗೊಳ್ಳಲಿಲ್ಲಂತ. ಅಂಥಾ ಚಟದವರಿಗೆ ಏನ್ ಕೊಟ್ರೇನು" ಎಂದು ಒಬ್ಬರು ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು, ನಮ್ಮ ಮನೆಯಲ್ಲಿದ್ದವರಲ್ಲವೇ ಎಂದು. ನಾನು ಕೋಸಂಬರಿ ಬಡಿಸುತ್ತ, "ಹೂಂ, ಏನ್ ಮಾಡೂದ್ರಿ" ಎಂದೆ.

ನಮ್ಮನೆಯವರು ಹೋಗಿ ಎರಡು ವರ್ಷವಾಯಿತು. ಸ್ಕಾರ್‌ಬರೋದ ಮನೆ ಮಾರಿದೆ. ಈಗ ಅದೇ ರೋಗ ಇರುವವರು ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾರೆ, ಮುದುಕರಾಗುತ್ತಾರೆ ಎಂದು ಕೇಳುತ್ತೇನೆ. ಆ ಔಷಧಿ ನಿಲ್ಲದಿದ್ದರೆ ಮಾಸ್ತರು ಬದುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳಬಹುದಾದ ಡಾಕ್ಟರ ಹೆಸರೂ ನನಗೆ ಗೊತ್ತಿಲ್ಲ.

ಇದನ್ನು ಓದುವವರಲ್ಲಿ ಅವರ ಹತ್ತಿರ ಕಾರು ಕಲಿತವರು ಇರುತ್ತೀರಿ. ಅವರು ಔಷಧಿ ಸರಿಯಾಗಿ ತೆಗೆದುಕೊಳ್ಳಲಿಲ್ಲ ಎಂದು ನೀವೆಲ್ಲ ಕೇಳಿದ್ದೀರಿ, ನಾನು ಹೂಂಗುಟ್ಟಿದ್ದನ್ನೂ ಕಂಡಿದ್ದೀರಿ. ಅದು ಸುಳ್ಳು. ಅವರು ಒಂದು ಹೊತ್ತೂ ತಪ್ಪಿಸಲಿಲ್ಲ. ಡಬ್ಬಿಯನ್ನು ಗ್ಯಾರೇಜಿನಲ್ಲಿಟ್ಟವಳು ನಾನು.